ಜೆರಾಕ್ಸ್ ಅಂಗಡಿಯ ಬಯೋಡೇಟಾ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಡೆದ ಉದ್ಯೋಗ ಮೇಳವೊಂದರಲ್ಲಿ, ಪೀಣ್ಯದ ಸಣ್ಣ ಕಾರ್ಖಾನೆಯ ಪರವಾಗಿ ಕುಳಿತು, ಐಟಿಐ ಮುಗಿಸಿದ ಹುಡುಗರ ಬಯೋಡೇಟಾಗಳನ್ನು ಇಡೀ ದಿನ ನೋಡಿದೆ. ಬೇರೆ ಬೇರೆ ತಾಲ್ಲೂಕಿನವರಾದರೂ ಹೆಚ್ಚಿನವರ ಹಾಳೆಯಲ್ಲಿ ‘ಕೆರಿಯರ್ ಆಬ್ಜೆಕ್ಟಿವ್’ ಎಂಬ ತಲೆಬರಹದ ಕೆಳಗೆ ಒಂದೇ ಇಂಗ್ಲಿಷ್ ವಾಕ್ಯ, ಅವೇ ಹವ್ಯಾಸಗಳು, ಕೊನೆಗೆ ಅದೇ ಪ್ರಮಾಣವಚನ. ಮಧುಗಿರಿಯ ಹುಡುಗನೊಬ್ಬನ ಹಾಳೆಯ ತಳದಲ್ಲಿ ‘ಸ್ಥಳ: ಕೊರಟಗೆರೆ’ ಎಂದಿತ್ತು. ಜೆರಾಕ್ಸ್ ಅಂಗಡಿಯವರು ಹಿಂದಿನ ಗಿರಾಕಿಯ ಫೈಲಿನಲ್ಲಿ ಹೆಸರು, ಅಂಕಗಳನ್ನು ಬದಲಿಸಿ ಊರನ್ನು ಮರೆತಿದ್ದರು.

ಎಲೆಕ್ಟ್ರಿಷಿಯನ್ ಟ್ರೇಡಿನ ಆ ಹುಡುಗನನ್ನು ಮಾತಿಗೆಳೆದಾಗ, ಅವನು ಮೂರು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಸೋದರಮಾವನ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದುದು ತಿಳಿಯಿತು. ಹಳೆಯ ತಂತಿ ಬಿಚ್ಚುವಾಗಲೇ ಸುತ್ತುಗಳನ್ನು ಎಣಿಸಿಟ್ಟುಕೊಳ್ಳುವುದು, ಗೇಜ್ ನೋಡಿ ಹೊಸ ತಂತಿ ಆರಿಸುವುದು, ವಾರ್ನಿಷ್ ಒಣಗಿದ ಮೇಲೆ ಮೆಗ್ಗರ್ ಹಿಡಿದು ಇನ್ಸುಲೇಷನ್ ಪರೀಕ್ಷಿಸುವುದು, ಎಲ್ಲವನ್ನೂ ತಡವರಿಸದೆ ವಿವರಿಸಿದ. ಹಾಳೆಯಲ್ಲಿ ಮಾತ್ರ ಇದರ ಸುಳಿವೇ ಇರಲಿಲ್ಲ. ಏಕೆಂದು ಕೇಳಿದರೆ, ‘ಅದು ಮನೆ ಕೆಲಸ ಸಾರ್, ಅದಕ್ಕೆ ಸರ್ಟಿಫಿಕೇಟ್ ಇಲ್ಲವಲ್ಲ’ ಎಂದ. ಅದರ ಬದಲು ಜಾತಿ, ಧರ್ಮ, ಅವಿವಾಹಿತ ಎಂಬ ವಿವರಗಳಿದ್ದವು. ರಾಶಿ, ನಕ್ಷತ್ರ ಸೇರಿಸಿದ್ದರೆ ಹೆಣ್ಣು ನೋಡಲೂ ಅದನ್ನೇ ಒಯ್ಯಬಹುದಿತ್ತು. ಆಧಾರ್ ಸಂಖ್ಯೆಯೂ ಇತ್ತು. ಮೇಳ ಮುಗಿದ ಮೇಲೆ ರದ್ದಿಗೆ ಸೇರುವ ಹಾಳೆಯ ಮೇಲೆ ಅದನ್ನು ಅಚ್ಚು ಹಾಕಿಸಿ ಹತ್ತಾರು ಅಪರಿಚಿತರಿಗೆ ಹಂಚುವುದು ಅಪಾಯಕಾರಿ.

ಮೇಜಿನ ಈಚೆ ಕುಳಿತ ನಮ್ಮ ತಪ್ಪೂ ಇದೆ. ಸಾಲು ಬೆಳೆದಾಗ ನಾವು ಹಾಳೆಯನ್ನಷ್ಟೇ ನೋಡಿ ಪಕ್ಕಕ್ಕಿಡುತ್ತೇವೆ, ಆ ಹುಡುಗ ಮಧ್ಯಾಹ್ನದ ಬದಲು ಬೆಳಿಗ್ಗೆ ಬಂದಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ನಮಗೆ ಬೇಕಾದದ್ದು ಒಂದೇ ಪುಟ: ಟ್ರೇಡ್, ತೇರ್ಗಡೆಯಾದ ವರ್ಷ, ಕೈಯಾರೆ ಬಳಸಿದ ಯಂತ್ರ ಮತ್ತು ಉಪಕರಣಗಳು, ಎಲ್ಲಿ ಎಷ್ಟು ಕಾಲ ಏನು ಕೆಲಸ ಮಾಡಿದ್ದು, ಕರೆ ಮಾಡಿದರೆ ಸಿಗುವ ಮೊಬೈಲ್ ಸಂಖ್ಯೆ.

ಐಟಿಐ ಪಠ್ಯಕ್ರಮದಲ್ಲಿ ‘ಎಂಪ್ಲಾಯಬಿಲಿಟಿ ಸ್ಕಿಲ್ಸ್’ ಎಂಬ ವಿಷಯವಿದ್ದು, ಬಯೋಡೇಟಾ ಬರೆಯುವುದೂ ಅದರಲ್ಲಿ ಸೇರಿದೆ. ನಾನು ವಿಚಾರಿಸಿದ ಹುಡುಗರು ಬೋರ್ಡಿನ ಮೇಲಿನ ಮಾದರಿಯನ್ನು ನಕಲು ಮಾಡಿಕೊಂಡು ಬಂದಿದ್ದರು, ಅಷ್ಟೇ. ಪ್ರತಿಯೊಬ್ಬರೂ ತಾವು ಮಾಡಿದ ಕೆಲಸವನ್ನು ಮೊದಲು ಕನ್ನಡದಲ್ಲೇ ಬರೆದು, ಅದನ್ನು ತರಬೇತಿ ಅಧಿಕಾರಿಗಳು ಕುಳಿತು ತಿದ್ದಿ, ನಂತರ ಬೇಕಾದರೆ ಇಂಗ್ಲಿಷಿಗೆ ತರುವ ವ್ಯವಸ್ಥೆಯನ್ನು ಸಂಸ್ಥೆಗಳು ಮಾಡಬೇಕು. ಮೇಳ ನಡೆಸುವವರು ಸಹ ನೋಂದಣಿ ಮೇಜಿನ ಪಕ್ಕದಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಮತ್ತು ಹುಡುಗರನ್ನು ನಾಲ್ಕು ಪ್ರಶ್ನೆ ಕೇಳುವ ತಾಳ್ಮೆಯಿರುವ ಒಬ್ಬರನ್ನು ಕೂರಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಸಿಬ್ಬಂದಿ ಅಧಿಕಾರಿ,
ದಾಸರಹಳ್ಳಿ, ಬೆಂಗಳೂರು