ನನ್ನ ಮಗನ ಗೆಳೆಯರಿಗೆ

ಮಗ ಎಸ್ಸೆಸ್ಸೆಲ್ಸಿ ಮುಗಿಸಿದ. ಮೂರನೆಯ ಪರೀಕ್ಷೆಯಲ್ಲಿ ಗಣಿತವೂ ಕೈಹಿಡಿಯಿತು. ಈಗ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದ್ದಾನೆ. ಅಂಕ ಎಷ್ಟೆಂದು ದಯವಿಟ್ಟು ಯಾರೂ ಕೇಳಬೇಡಿ. ಅವನು ಮತ್ತೆ ನಮ್ಮ ಜೊತೆ ಕೂತು ಉಣ್ಣುತ್ತಿದ್ದಾನೆ, ನನಗೆ ಅದು ಸಾಕು. ಅವನಿಗೆ ಓದಿ ಹೇಳಿ, ಒಪ್ಪಿದ ಮೇಲೆಯೇ ಇದನ್ನು ಹಂಚಿಕೊಳ್ಳುತ್ತಿದ್ದೇನೆ.

ಅವನ ಅಪ್ಪ ತೀರಿಕೊಂಡ ಮೇಲೆ ಹುಡುಗ ಶಾಲೆ ತಪ್ಪಿಸಿದ, ಕಂಡವರ ಮೇಲೆಲ್ಲ ಹರಿಹಾಯ್ದ, ಕೊನೆಗೆ ಕೋಣೆಯ ಚಿಲಕ ಹಾಕಿಕೊಂಡು ಕೂತುಬಿಟ್ಟ. ಬಂದ ನೆಂಟರೆಲ್ಲ ಬುದ್ಧಿ ಹೇಳಿ ಹೋದರು. ನೀವು ಮಾತ್ರ ಬುದ್ಧಿ ಹೇಳಲಿಲ್ಲ ಮಕ್ಕಳೇ. ಸಂಜೆಯಾದರೆ ಜಗಲಿಯ ಮೇಲೆ ಬಂದು ಕೂರುತ್ತಿದ್ದಿರಿ. ಅವನು ಬಾಗಿಲು ತೆಗೆಯದ ದಿನ ನಿಮ್ಮನಿಮ್ಮಲ್ಲೇ ಕ್ರಿಕೆಟ್ ಮಾತಾಡಿಕೊಂಡು, "ನಾಳೆ ಬರುತ್ತೇವೆ ಆಂಟಿ" ಎಂದು ಏಳುತ್ತಿದ್ದಿರಿ.

ತಿಪಟೂರಿನವರಿಗೆ ಗೊತ್ತು, ಅಟ್ಟಕ್ಕೆ ಹಾಕಿದ ಕಾಯಿ ಉಂಡೆಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು. ನಿಮ್ಮಲ್ಲೊಬ್ಬ, ತನ್ನ ಮನೆಯಲ್ಲಿ ಅಟ್ಟದ ಕಾಯಿ ಇಳಿಸುವ ದಿನ, ಆಳು ಸಾಲದು ಎಂದು ಇವನನ್ನು ಎಳೆದುಕೊಂಡು ಹೋದ. ಸಂಜೆ ತಲೆತುಂಬ ನಾರಿನ ಧೂಳು ಮೆತ್ತಿಕೊಂಡು ಬಂದವನು, "ಅಮ್ಮ, ಹಸಿವಾಗುತ್ತಿದೆ" ಎಂದ. ಎಷ್ಟೋ ತಿಂಗಳ ಮೇಲೆ ಅವನಾಗಿ ಕೇಳಿ ಉಂಡ ಊಟ ಅದು. ಮೂರು ಮುದ್ದೆ ಉಂಡ.

ಆದರೆ ನಾನು ಹೆಚ್ಚು ಋಣಿಯಾಗಿರುವುದು ಬೇರೊಂದು ರಾತ್ರಿಗೆ. "ಬದುಕಿ ಏನು ಪ್ರಯೋಜನ" ಎಂದು ಇವನು ನಿಮ್ಮಲ್ಲೊಬ್ಬನಿಗೆ ಮೊಬೈಲ್‌ನಲ್ಲಿ ಬರೆದು, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿದ್ದ. ಆ ಹುಡುಗ ಆಣೆಗೆ ಕಟ್ಟುಬೀಳಲಿಲ್ಲ. ಮಲಗಿದ್ದ ತನ್ನ ಅಪ್ಪನನ್ನು ಎಬ್ಬಿಸಿಕೊಂಡು ನಮ್ಮ ಬಾಗಿಲು ತಟ್ಟಿದ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಇವನ ಕೈಗೆ ಫೋನ್ ಕೊಟ್ಟವನೂ ಅವನೇ. ಹಗಲುರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳಿರುವ ಮನೆಯವರು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದರ ಮುಂದಿನ ಮಂಗಳವಾರ, ಮನಸ್ಸಿನ ತೊಂದರೆಗಳನ್ನು ನೋಡುವ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಚಿಕಿತ್ಸಾಲಯಕ್ಕೂ ಆ ಹುಡುಗ ಜೊತೆಗೆ ಬಂದ. ಗೆಳೆಯ ಮುನಿಸಿಕೊಂಡಾನು ಎಂದು ಅವನು ಅಂದು ಸುಮ್ಮನಿದ್ದಿದ್ದರೆ? ಅದರಾಚೆ ಯೋಚಿಸಲು ನನ್ನಿಂದಾಗುವುದಿಲ್ಲ. ಅಪ್ಪಾ, ನಿನ್ನ ಋಣ ತೀರಿಸಲಾರೆ.

ತ್ರಿಕೋನಮಿತಿಯನ್ನು ತಾಳ್ಮೆಯಿಂದ ಹೇಳಿಕೊಟ್ಟ ಮಗಳಿಗೆ, ರಾತ್ರಿಯಾದರೂ ಮಕ್ಕಳನ್ನು ನಮ್ಮ ಮನೆಗೆ ಕಳಿಸಿಕೊಟ್ಟ ತಾಯಂದಿರಿಗೆ ನಮಸ್ಕಾರ. ಭಾನುವಾರ ಮಧ್ಯಾಹ್ನ ಎಲ್ಲರೂ ನಮ್ಮಲ್ಲೇ ಊಟಕ್ಕೆ ಬರಬೇಕು. ಕಾಯಿ ಹೋಳಿಗೆ ಮಾಡುತ್ತಿದ್ದೇನೆ, ಕಾಯಿ ತುರಿದು ಕೊಡುವುದಾಗಿ ಅವನೇ ಹೇಳಿದ್ದಾನೆ.