ಹಳೇ ಕಾರಿನ ಕೆಳಗೆ ಬಗ್ಗಿ ನೋಡದೆ ಅಲೈನ್‌ಮೆಂಟ್ ಮಾಡಬೇಡಿ

ಮಾನ್ಯ ಸಂಪಾದಕರೇ,

ಕೋಲಾರದ ಸುತ್ತ ಹೆದ್ದಾರಿ ಬದಿಯಲ್ಲಿ, ತಾಲ್ಲೂಕು ಪೇಟೆಗಳಲ್ಲಿ ಕಂಪ್ಯೂಟರ್ ವೀಲ್ ಅಲೈನ್‌ಮೆಂಟ್ ಬೋರ್ಡುಗಳು ಈಗ ಬೇಕಾದಷ್ಟು ಕಾಣುತ್ತವೆ. ಚಕ್ರಗಳು ಸರಿಯಾದ ಕೋನದಲ್ಲಿ ನಿಂತಿವೆಯಾ ಎಂದು ಅಳೆದು ಹೊಂದಿಸುವ ಕೆಲಸ ಅದು. ಯಂತ್ರ ಇದೆ, ದೊಡ್ಡ ಸ್ಕ್ರೀನ್ ಇದೆ. ಆದರೆ ಹದಿನೈದು ವರ್ಷ ದಾಟಿದ ಕಾರು ಒಳಗೆ ಬಂದರೆ ಅದಕ್ಕೆ ಸಿಗಬೇಕಾದ ಕೆಲಸ ಸಿಗುತ್ತಿಲ್ಲ. ಇದನ್ನು ಹೇಳಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಶ್ರೀನಿವಾಸಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಟೀಚರ್. ನನ್ನದು 2008ರ ಮಾರುತಿ 800. ಹದಿನೈದು ವರ್ಷ ಮುಗಿದ ಮೇಲೆ ಎಫ್‌ಸಿ ಮಾಡಿಸಿ, ನೋಂದಣಿಯನ್ನು ಇನ್ನೂ 5 ವರ್ಷಕ್ಕೆ ಮುಂದುವರಿಸಿಕೊಂಡು ಓಡಿಸುತ್ತಿದ್ದೇನೆ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೂ ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಇದೇ ಗಾಡಿ. ಶಾಲೆಗೆ, ಆಸ್ಪತ್ರೆಗೆ, ಮಾವಿನ ಮಂಡಿಗೆ ಎಲ್ಲದಕ್ಕೂ ಇದೇ ಆಧಾರ.

ಹೋದ ವರ್ಷ ಮುಂದಿನ ಎರಡೂ ಟೈರ್ ಹೊಸದು ಹಾಕಿಸಿದೆ. ಅಲೈನ್‌ಮೆಂಟ್ ಕೂಡ ಮಾಡಿಸಿ 350 ರೂಪಾಯಿ ಕೊಟ್ಟೆ. ಮಾವಿನ ಸೀಸನ್ ಮುಗಿಯುವ ಹೊತ್ತಿಗೆ ಟೈರುಗಳ ಒಳಬದಿ ತಂತಿ ಕಾಣುವಷ್ಟು ಸವೆದಿತ್ತು. ಹೊರಬದಿ ಹೊಸದರಂತೆಯೇ ಇತ್ತು! ಸ್ಟೀರಿಂಗ್ ಬೇರೆ ನೇರ ರಸ್ತೆಯಲ್ಲೂ ಓರೆಯಾಗಿ ನಿಲ್ಲುತ್ತಿತ್ತು. ಹೋಗಿ ಕೇಳಿದರೆ, "ಮೇಡಂ, ಹಳೇ ಗಾಡಿ, ಹಿಂಗೇ ಇರುತ್ತೆ. ಹೊಸದು ತಗೊಳ್ಳಿ" ಅಂದರು. ನನಗೆ ನಿಜಕ್ಕೂ ಸಿಟ್ಟು ಬಂತು. ಕಾರು ಹಳೆಯದು ಅನ್ನೋದು ದುಡ್ಡು ತೆಗೆದುಕೊಳ್ಳುವಾಗಲೂ ಗೊತ್ತಿತ್ತು ಅಲ್ವಾ?

ಆಮೇಲೆ ಮುಳಬಾಗಿಲಿನ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ನಾಲ್ಕೂ ಟೈರಿನ ಗಾಳಿ ನೋಡಿದರು. ಜಾಕ್ ಏರಿಸಿ ಚಕ್ರದ ಎಡ ಬಲ ಎರಡೂ ಕಡೆ ಕೈ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಸದ್ದು ಬಂತು. "ಅಮ್ಮಾ, ಟೈ ರಾಡ್ ಎಂಡ್ ಹೋಗಿದೆ. ಕೈ ಹಾಕಿ ನೋಡಿ" ಎಂದು ನನ್ನಿಂದಲೇ ಮುಟ್ಟಿಸಿ ತೋರಿಸಿದರು. ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ತಿರುಗಿಸುವ ಕಡ್ಡಿಯ ತುದಿಯ ಕೀಲು ಅದು. ಆಮೇಲೆ ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬಾಲ್ ಜಾಯಿಂಟ್, ಬೇರಿಂಗ್ ನೋಡಿದರು. ಕೊನೆಗೆ ಗಾಡಿ ಕೆಳಗೆ ತೂರಿ, ತಿರುವಿನಲ್ಲಿ ಗಾಡಿ ಜಾಸ್ತಿ ವಾಲದಂತೆ ಹಿಡಿಯುವ ಸ್ಟೆಬಿಲೈಜರ್ ಬಾರ್‌ನ ಬುಷ್, ಅಂದರೆ ಅದು ಕೂರುವ ರಬ್ಬರ್ ತುಂಡು, ತೋರಿಸಿದರು. ರಬ್ಬರ್ ಒಡೆದು ಚೂರಾಗಿತ್ತು. 800ರಲ್ಲಿ ಮುಂದಿನ ಚಕ್ರ ಹಿಂದೆ ಮುಂದೆ ಸರಿಯದಂತೆ ತಡೆಯೋದೂ ಅದೇ ಬಾರ್. ಬುಷ್ ಹೋದರೆ ಬ್ರೇಕ್ ಹಾಕಿದಾಗಲೆಲ್ಲ ಚಕ್ರ ಹಿಂದಕ್ಕೆ ಸರಿಯುತ್ತದೆ, ಮಾಡಿಸಿದ ಅಲೈನ್‌ಮೆಂಟ್ ಅಲ್ಲೇ ಕೆಡುತ್ತದೆ.

ಇದು ಬರೀ ಟೈರಿನ ಖರ್ಚಿನ ಮಾತೂ ಅಲ್ಲ. ಟೈ ರಾಡ್ ಎಂಡ್ ಪೂರ್ತಿ ಕಳಚಿದರೆ ಚಕ್ರ ಸ್ಟೀರಿಂಗ್ ಮಾತು ಕೇಳೋದಿಲ್ಲ. ಹೆದ್ದಾರಿಯಲ್ಲಿ ಲಾರಿಗಳ ಮಧ್ಯೆ ಹಾಗಾದರೆ ಏನು ಗತಿ? ನನ್ನ ಹಿಂದಿನ ಸೀಟಿನಲ್ಲಿ ದಿನಾ ಇಬ್ಬರು ಸಹೋದ್ಯೋಗಿಗಳು ಕೂತಿರುತ್ತಾರೆ.

ಗಣಿತದವಳಾಗಿ ಒಂದು ಮಾತು ಹೇಳುತ್ತೇನೆ. ಅಲೈನ್‌ಮೆಂಟ್ ಯಂತ್ರ ಡಿಗ್ರಿ ಮತ್ತು ಮಿನಿಟ್‌ಗಳಲ್ಲಿ ಅಳೆಯುತ್ತದೆ. ಒಂದು ಡಿಗ್ರಿಯಲ್ಲಿ 60 ಮಿನಿಟ್. ಇಷ್ಟು ಸೂಕ್ಷ್ಮ ಅಳತೆಗೆ ಸಡಿಲವಾದ ಕೀಲಿನ ಮೇಲೆ ಏನು ಬೆಲೆ? ನಮ್ಮ ಮಂಡಿಯಲ್ಲಿ ತಕ್ಕಡಿಯ ಮುಳ್ಳು ನಡುವೆ ನಿಲ್ಲದಿದ್ದರೆ ರೈತ ಕಾಯಿ ತೂಗಲು ಬಿಡೋದಿಲ್ಲ. ಚಕ್ರದ ವಿಷಯದಲ್ಲಿ ಮಾತ್ರ ಸ್ಕ್ರೀನ್ ಹಸಿರಾಯಿತು ಅಂದರೆ ಸಾಕು, ನಾವು ತಲೆಯಾಡಿಸಿ ಬರುತ್ತೇವೆ.

ಈ ಕಾರಿನಲ್ಲಿ ತಿರುಗಿಸಿ ಸರಿಮಾಡಲು ಬರೋದು ಟೋ ಒಂದೇ. ಅಂದರೆ ಎರಡು ಚಕ್ರಗಳ ಮೂತಿ ಒಳಕ್ಕೆ ತಿರುಗಿದೆಯಾ, ಹೊರಕ್ಕೆ ತಿರುಗಿದೆಯಾ ಅನ್ನೋದು. ಹೊರಕ್ಕೆ ಜಾಸ್ತಿ ತಿರುಗಿದರೆ ಟೈರಿನ ಒಳಬದಿ ಸವೆಯುತ್ತದೆ, ನನ್ನದಕ್ಕೆ ಆದದ್ದು ಅದೇ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ಎಡ ಬಲ ತಿರುಗುವ ಅಕ್ಷದ ವಾಲು) ಸರಿಪಡಿಸಲು ಬೇರೆ ಬೋಲ್ಟ್ ಇಲ್ಲ. ಅವು ತಪ್ಪು ತೋರಿಸಿದರೆ ಎಲ್ಲೋ ಏನೋ ಬಗ್ಗಿದೆ, ಇಲ್ಲವೇ ಸವೆದಿದೆ ಎಂದರ್ಥ. ಅದನ್ನು ಹುಡುಕಬೇಕು. ಸುಮ್ನೆ ಬಿಟ್ಟು ಚೀಟಿ ಕೊಟ್ಟು ಕಳಿಸೋದಲ್ಲ.

ಇನ್ನೊಂದು ಕೆಟ್ಟ ಅಭ್ಯಾಸ. ಹಳೇ ಗಾಡಿಯಲ್ಲಿ, ಹೊಂದಿಸಿದ ಅಳತೆ ಕದಲದಂತೆ ಬಿಗಿಯುವ ಟೈ ರಾಡ್‌ನ ಲಾಕ್‌ನಟ್ ತುಕ್ಕು ಹಿಡಿದಿರುತ್ತದೆ. ಒಂದು ಕಡೆಯದು ಬಿಚ್ಚಿಕೊಳ್ಳದಿದ್ದರೆ ಇನ್ನೊಂದು ಕಡೆಯದನ್ನೇ ತಿರುಗಿಸಿ ಲೆಕ್ಕ ಸರಿಮಾಡುತ್ತಾರೆ. ಸ್ಟೀರಿಂಗ್ ಓರೆಯಾಗೋದು ಹೀಗೆ. ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದರೆ, ತಂತಿ ಬ್ರಷ್‌ನಿಂದ ಉಜ್ಜಿದರೆ ಸಾಮಾನ್ಯವಾಗಿ ಸಡಿಲವಾಗುತ್ತದೆ. ಸ್ಟೀರಿಂಗ್ ನೇರ ಇಟ್ಟು ಲಾಕ್ ಮಾಡಿ, ಎರಡೂ ಕಡೆ ಹೊಂದಿಸಿ, ನಟ್ ಬಿಗಿದ ಮೇಲೆ ಮತ್ತೆ ಅಳೆಯಬೇಕು. ನನ್ನ ಹಳೇ ಚೀಟಿ ತೆಗೆದು ನೋಡಿದರೆ ಅದರಲ್ಲಿ ಬೇರೆ ಯಾವುದೋ ಕಾರಿನ ಹೆಸರಿತ್ತು! ಬೇರೆ ಕಾರಿನ ಅಳತೆಗೆ ನನ್ನ ಕಾರನ್ನು ಹೊಂದಿಸಿದ್ದರು. ಹಾಗಾಗಿ ಓದುಗರು ಕೆಲಸ ಶುರುವಾಗುವ ಮೊದಲೇ ಸ್ಕ್ರೀನ್ ಮೇಲೆ ಯಾವ ಗಾಡಿ ಆರಿಸಿದ್ದಾರೆ ಎಂದು ನೋಡಿಕೊಳ್ಳಿ.

ಗಾಡಿ ಒಂದು ಕಡೆ ಎಳೆದರೆ ಅದೆಲ್ಲ ಅಲೈನ್‌ಮೆಂಟ್ ದೋಷವೂ ಅಲ್ಲ. ಮುಂದಿನ ಎರಡು ಟೈರನ್ನು ಅದಲು ಬದಲು ಮಾಡಿ ನೋಡಿ. ಎಳೆಯುವ ದಿಕ್ಕು ಬದಲಾದರೆ ತಪ್ಪು ಟೈರಿನದು. ಒಂದು ಕಡೆಯ ಬ್ರೇಕ್ ಹಿಡಿದುಕೊಂಡಿದ್ದರೂ ಎಳೆಯುತ್ತದೆ. ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮೊದಲು ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮವಾಗಿದೆಯಾ ಅನ್ನೋದನ್ನು, ನೋಡಿಸಿ.

ಅಂಗಡಿಯವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಗಾಡಿಯನ್ನು ಯಂತ್ರಕ್ಕೆ ಹತ್ತಿಸುವ ಮೊದಲು ಜಾಕ್ ಹಾಕಿ ಕೀಲು, ಬುಷ್ ನೋಡಿ. ಹೋಗಿದ್ದರೆ ತೋರಿಸಿ ಹೇಳಿ, ಅದು ಬದಲಾಗುವವರೆಗೆ ಅಲೈನ್‌ಮೆಂಟ್‌ಗೆ ದುಡ್ಡು ತೆಗೆದುಕೊಳ್ಳಬೇಡಿ. ಕೆಲಸಕ್ಕೆ ಮೊದಲಿನ ಅಳತೆ, ನಂತರದ ಅಳತೆ ಎರಡೂ ಇರುವ ಚೀಟಿ ಕೊಡಿ. ಬಿಲ್ಲನ್ನೂ ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾಡಿದ ಸೇವೆಗೆ ಬಿಲ್ ಕೊಡದಿರೋದನ್ನೂ ಅನುಚಿತ ವ್ಯಾಪಾರ ಎಂದೇ ಹೇಳಿದೆ. ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು.

ಇದಕ್ಕೆ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ ಅಂದರೆ ನಾವು ಕಾಯುತ್ತೇವೆ. 200 ರೂಪಾಯಿ ಜಾಸ್ತಿ ಆಗುತ್ತದೆ ಅಂದರೆ ಅದನ್ನೂ ಕೊಡುತ್ತೇವೆ. ಬೋರ್ಡಿನಲ್ಲಿ ಆ ದರವನ್ನೂ ಬರೆದು ಹಾಕಿ.

— ಒಬ್ಬ ಶಿಕ್ಷಕಿ, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ