ನೀರಿನ ಹೊತ್ತು ನೋಡಿಕೊಂಡು ಹೊರಡಬೇಕು

ಹೋ ಚಿ ಮಿನ್ ನಗರ, ವಿಯೆಟ್ನಾಂ

ತೀರ್ಥರೂಪ ಅಪ್ಪಾಜಿ, ಅವ್ವ ಮತ್ತು ಗಂಗಾವತಿ ಕಾಕಾ ಅವರಿಗೆ ನಮಸ್ಕಾರಗಳು.

ಸುಗ್ಗಿ ಮುಗಿಸಿ ಜನವರಿಯಲ್ಲಿ ಬಂದಾಗ ಮೆಕಾಂಗ್ ನದಿ ಕವಲೊಡೆದು ಸಮುದ್ರ ಸೇರುವ ಸೀಮೆಯನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ ಎಂದು ಕಾಕಾ ಕೇಳಿದ್ದರು. ಬರಬಹುದು, ಆದರೆ ಮಿ ಥೋ ಮತ್ತು ಬೆನ್ ಚೆ ಎಂಬ ಎರಡು ಊರುಗಳ ಕಡೆ ಅಷ್ಟೇ. ತೇಲುವ ಸಂತೆಯನ್ನು ಇದಕ್ಕೆ ಸೇರಿಸಬೇಡಿ. ಆ ಸಂತೆ ಇರುವುದು ಕಾನ್ ಥೋ ಹತ್ತಿರದ ಕಾಯ್ ರಾಂಗ್‌ನಲ್ಲಿ, ಇಲ್ಲಿಂದ ಸುಮಾರು 170 ಕಿ.ಮೀ. ಬೆಳಗಿನ 5ರಿಂದ 7ರವರೆಗೆ ವ್ಯಾಪಾರ ಜೋರು. ಇಲ್ಲಿಂದ ಬೆಳಿಗ್ಗೆ ಹೊರಟವರು ಮುಟ್ಟುವಷ್ಟರಲ್ಲಿ ದೋಣಿಗಳು ಚದುರಿರುತ್ತವೆ. ಹಿಂದಿನ ರಾತ್ರಿಯೇ ಹೋಗಿ ತಂಗಬೇಕು.

ಮಿ ಥೋ ಸುಮಾರು 70 ಕಿ.ಮೀ., ಕಾರಿನಲ್ಲಿ ಒಂದೂವರೆಯಿಂದ ಎರಡು ತಾಸು. ಬಸ್ಸಾದರೆ ಮಿಯೆನ್ ತಾಯ್ ನಿಲ್ದಾಣದಿಂದ. ಇಲ್ಲಿನ ಹೊಸ ವರ್ಷದ ಟೆಟ್ ಹಬ್ಬದ ವಾರ ಮಾತ್ರ ಬೇಡ, ಇಡೀ ನಗರವೇ ಊರಿಗೆ ಹೊರಟಿರುತ್ತದೆ.

ಮುಖ್ಯವಾದದ್ದು ನೀರಿನ ಹೊತ್ತು. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಇಲ್ಲಿ ಸಮುದ್ರದ ಭರತ-ಇಳಿತಕ್ಕೆ ತಕ್ಕಂತೆ ಸಣ್ಣ ಹಳ್ಳಗಳೂ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಏರಿ ಇಳಿಯುತ್ತವೆ. ಆ ಹೊತ್ತು ದಿನಾಲೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಪೂರಾ ಇಳಿದಾಗ ಹಳ್ಳದಲ್ಲಿ ಕೆಸರೇ ಕೆಸರು. ಹುಟ್ಟು ಹಾಕುವ ದೋಣಿ ತಳ ಕಚ್ಚುತ್ತದೆ, ಆಗ ಅರ್ಧ ದಾರಿಯಿಂದಲೇ ತಿರುಗಿಸುತ್ತಾರೆ. ಹಳ್ಳದ ಎರಡೂ ದಂಡೆಗೆ ‘ನೀರುತೆಂಗು’ ಅನ್ನುವ ಗಿಡ ಇರುತ್ತದೆ. ಕಾಂಡ ಕಾಣುವುದಿಲ್ಲ, ಕೆಸರಿನಿಂದ ನೇರ ಗರಿಗಳೇ ಎದ್ದು ತಲೆಯ ಮೇಲೆ ಚಪ್ಪರದ ಹಾಗೆ ಕೂಡಿಕೊಳ್ಳುತ್ತವೆ. ಅದನ್ನು ನೋಡಲಿಕ್ಕಾದರೂ ನೀರು ಇರುವ ಹೊತ್ತಿಗೇ ಹೋಗಬೇಕು.

ಅವ್ವನ ಮೊಣಕಾಲಿನ ಸಲುವಾಗಿ ಇದನ್ನು ಬಿಡಿಸಿ ಬರೆಯುತ್ತೇನೆ. ಆನೆಗೊಂದಿಯ ಹರಿಗೋಲು ದುಂಡಗೆ, ಅಗಲ. ಈ ದೋಣಿ ಉದ್ದ, ಕಿರಿದು, ಬೇಗ ವಾಲುತ್ತದೆ. ದೋಣಿಯೊಳಗೆ ಒಬ್ಬೊಬ್ಬರೇ ಇಳಿಯಬೇಕು, ಕಾಲನ್ನು ಅಂಚಿಗಿಡದೆ ನಡುಮಧ್ಯಕ್ಕಿಟ್ಟು ತಕ್ಷಣ ಕೂಡಬೇಕು. ಕೂತ ಮೇಲೆ ಕೈ ಮಡಿಲಲ್ಲಿರಲಿ. ಅಂಚು ಹಿಡಿದು ಬೆರಳು ಹೊರಗೆ ಬಿಟ್ಟರೆ ಎದುರಿನ ದೋಣಿ ಉಜ್ಜಿ ಹೋಗುವಾಗ ಜಜ್ಜುತ್ತದೆ. ಚಪ್ಪಲಿ ಹಿಂಬದಿ ಪಟ್ಟಿ ಇರುವಂಥದ್ದೇ ತನ್ನಿ.

ಬೆನ್ ಚೆಯಲ್ಲಿ ತೆಂಗಿನ ಮಿಠಾಯಿ ಮಾಡುವುದನ್ನು ತೋರಿಸುತ್ತಾರೆ. ತೆಂಗಿನ ಹಾಲಿಗೆ ಸಕ್ಕರೆ, ಮೊಳಕೆ ಧಾನ್ಯದ ಪಾಕ ಸೇರಿಸಿ, ಕೈ ಬಿಡದೆ ತಿರುವಿ ಗಟ್ಟಿಯಾದ ಮೇಲೆ ಅಚ್ಚಿಗೆ ಹಾಕಿ ಕತ್ತರಿಸುತ್ತಾರೆ. ಒಳಗಿನ ತೆಳು ಹಾಳೆಯನ್ನು ಸುಲಿಯಬೇಡಿ ಅವ್ವ. ಅದು ಅಕ್ಕಿ ಹಾಳೆ, ಮಿಠಾಯಿ ಅಂಟದಿರಲಿ ಅಂತ ಸುತ್ತಿದ್ದು, ತಿನ್ನುವಂಥದ್ದೇ.

ಕಾಕಾ, ನೀವು ಕಣ್ಣಿಟ್ಟು ನೋಡಬೇಕಾದದ್ದು ತೂಬುಗಳನ್ನು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನದಿಯ ಹರಿವು ಕಡಿಮೆಯಾಗಿ ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತದೆ. 2016 ಮತ್ತು 2020ರಲ್ಲಿ ಬೆನ್ ಚೆ ಸೀಮೆ ಇದರಿಂದ ತತ್ತರಿಸಿತು. ಉಪ್ಪು ಏರುವಾಗ ತೂಬು ಮುಚ್ಚುತ್ತಾರೆ, ಸಿಹಿನೀರು ಬಂದಾಗ ತೆರೆಯುತ್ತಾರೆ. ನಮ್ಮ ಸಿಂಧನೂರು, ಗಂಗಾವತಿ ಕಡೆಯ ಸವಳು ಬೇರೆ ಬಗೆಯದು. ನಮ್ಮಲ್ಲಿ ನೀರು ಹೆಚ್ಚಾಗಿ, ಬಸಿದು ಹೋಗಲು ದಾರಿಯಿಲ್ಲದೆ, ನೆಲದೊಳಗಿನ ಉಪ್ಪೇ ಮೇಲೆ ಬರುತ್ತದೆ. ಇಲ್ಲಿನ ತೋಟಗಳಲ್ಲಿ ಸಾಲಿಗೊಂದು ಆಳದ ಕಾಲುವೆ ತೋಡಿ, ಆ ಮಣ್ಣನ್ನೇ ಏರಿಸಿ ದಿಬ್ಬದ ಮೇಲೆ ಗಿಡ ಹಚ್ಚಿರುತ್ತಾರೆ. ಕಾಲುವೆಯಲ್ಲಿ ಕೂತ ಹೂಳನ್ನು ಮತ್ತೆ ದಿಬ್ಬಕ್ಕೇ ಹಾಕುತ್ತಾರೆ. ನಿಂತು ನೋಡುವಂಥ ಕೆಲಸ.

ಊಟಕ್ಕೆ ‘ಚಾಯ್’ ಅಂದರೆ ಇಲ್ಲಿ ಸಸ್ಯಾಹಾರ. ಬಾಯಲ್ಲಿ ಹೇಳಿದರೆ ಸ್ವರ ತಪ್ಪಿ ಅರ್ಥವೇ ಬದಲಾಗುತ್ತದೆ, ಹಾಗಾಗಿ ‘ಮೀನಿನ ಸಾರ ಬೇಡ’ ಅನ್ನುವುದನ್ನೂ ಸೇರಿಸಿ ಚೀಟಿಯಲ್ಲಿ ಬರೆದುಕೊಡುತ್ತೇನೆ. ಬರೀ ತರಕಾರಿ ಪಲ್ಯಕ್ಕೂ ಆ ಸಾರ ಹಾಕುವ ರೂಢಿ ಇದೆ. ಅಮಾವಾಸ್ಯೆ, ಹುಣ್ಣಿಮೆಗೆ ಇಲ್ಲಿನ ಬೌದ್ಧರಲ್ಲಿ ಬಹಳ ಮಂದಿ ಮಾಂಸ ಬಿಡುತ್ತಾರೆ, ಆ ದಿನ ಊಟ ಸುಲಭವಾಗಿ ಸಿಗುತ್ತದೆ. ಆದರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಬನ್ನಿ.

ದುಡ್ಡು ಕೊಡುವಾಗ 20,000 ಮತ್ತು 5,00,000 ಡಾಂಗ್ ನೋಟುಗಳ ಬಗ್ಗೆ ಎಚ್ಚರ. ಎರಡೂ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಅವರ ಮುಖ. 20,000ದ ಹಿಂಬದಿ ಸೇತುವೆಯ ಚಿತ್ರ ಇರುತ್ತದೆ. ದೊಡ್ಡ ನೋಟನ್ನು ಬೇರೆ ಜೇಬಿನಲ್ಲೇ ಇಡಿ.

ಟಿಕೆಟ್ ತೆಗೆಯುವ ಮುಂಚೆ ದಿನಾಂಕ ತಿಳಿಸಿ. ಆ ವಾರದ ಭರತದ ಸಮಯ ನೋಡಿ ಯಾವ ದಿನ, ಎಷ್ಟಕ್ಕೆ ಹೊರಡಬೇಕು ಅನ್ನುವುದನ್ನು ಬರೆಯುತ್ತೇನೆ.

ಇತಿ,
ನಿಮ್ಮ ಮಗಳು